ಟೆಲಿಸ್ಕೋಪ್ ಎತ್ತ ನೋಡುತ್ತಿದೆ ಎಂದು ಉಪಗ್ರಹ ಕಂಪನಿಗೆ ಮೊದಲೇ ಹೇಳಿದರೆ ಸಾಕಾ?

ನೀವು ಎರಡು ಮಾತು ಕೇಳಿದ್ದೀರಿ. ಆಕಾಶದಿಂದ ಬರುವ ರೇಡಿಯೋ ಅಲೆಗಳಿಗೆ ಕಿವಿಗೊಡುವ ರೇಡಿಯೋ ಟೆಲಿಸ್ಕೋಪ್‌ನವರು ತಮ್ಮ ವೇಳಾಪಟ್ಟಿಯನ್ನು ಉಪಗ್ರಹದಿಂದ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್‌ನಂಥವರಿಗೆ ಕೊಟ್ಟರೆ, ಉಪಗ್ರಹದ ಸಿಗ್ನಲ್‌ನಿಂದಾಗುವ ಅಡ್ಡಿ ನಿಜಕ್ಕೂ ತಪ್ಪುತ್ತದಾ? ಪುಣೆ ಕಡೆಯ ನಮ್ಮ ರೇಡಿಯೋ ಟೆಲಿಸ್ಕೋಪ್ ಜಿಎಂಆರ್‌ಟಿಗೂ ಅಷ್ಟೇ ಸಾಕಾ? ಮೊದಲನೆಯದಕ್ಕೆ ಬಹುಮಟ್ಟಿಗೆ ಹೌದು, ಎರಡನೆಯದಕ್ಕೆ ಇಲ್ಲ.

ನಾನು ಖಗೋಳ ವಿಜ್ಞಾನಿಯಲ್ಲ. ಮೊಬೈಲ್ ಟವರ್‌ಗಳ ಆರ್‌ಎಫ್, ಅಂದರೆ ರೇಡಿಯೋ ಸಿಗ್ನಲ್‌ಗಳ ಕೆಲಸ ಮಾಡುವವನು. ಯಾರ ಸಿಗ್ನಲ್ ಯಾರಿಗೆ ಕಾಟ ಕೊಡುತ್ತಿದೆ ಎಂದು ಹುಡುಕುವುದೇ ನನ್ನ ದಿನನಿತ್ಯದ ಪಾಡು. ಹಾಗಾಗಿ ಇದನ್ನೆಲ್ಲ ಆಸೆಯಿಂದ ಓದುತ್ತಿರುತ್ತೇನೆ.

ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಗ್ರೀನ್ ಬ್ಯಾಂಕ್ ಎಂಬ ಊರಿದೆ. ಅಲ್ಲಿ 100 ಮೀಟರ್ ಅಗಲದ ರೇಡಿಯೋ ಟೆಲಿಸ್ಕೋಪ್ ಇದೆ. ಅದರ ಸುತ್ತಲಿನ ಸುಮಾರು 34,000 ಚದರ ಕಿ.ಮೀ. ಪ್ರದೇಶ 1958ರಿಂದಲೂ ರೇಡಿಯೋ ಮೌನ ವಲಯ. ನೆಲದ ಮೇಲಿನ ಗದ್ದಲಕ್ಕೆ ಹೀಗೆ ಬೇಲಿ ಹಾಕಬಹುದು. ಸುಮಾರು 550 ಕಿ.ಮೀ. ಮೇಲಿಂದ ಬರುವುದಕ್ಕೆ? ಸ್ಟಾರ್‌ಲಿಂಕ್ ಗ್ರಾಹಕರ ಕಡೆಗೆ ಕಳಿಸುವ ಸಿಗ್ನಲ್ 10.7ರಿಂದ 12.7 ಗಿಗಾಹರ್ಟ್ಸ್‌ನದು. ಅದರ ಪಕ್ಕದಲ್ಲೇ, ಕೆಳಗೆ, ರೇಡಿಯೋ ಖಗೋಳಕ್ಕೆ ಕಾದಿಟ್ಟ ಜಾಗವಿದೆ. ಆದರೆ ವಿಜ್ಞಾನಿಗಳಿಗೆ ಆ ಸಣ್ಣ ಜಾಗ ಸಾಲದು, ಆಚೆಗೂ ಕಿವಿಗೊಡಬೇಕಾಗುತ್ತದೆ.

10.7 ಗಿಗಾಹರ್ಟ್ಸ್‌ನಲ್ಲಿ ಗ್ರೀನ್ ಬ್ಯಾಂಕ್ ಒಮ್ಮೆಗೆ ನೋಡುವ ಆಕಾಶದ ತುಣುಕು ಚಂದ್ರನ ಅಗಲದ ಇಪ್ಪತ್ತೈದರಲ್ಲಿ ಒಂದು ಪಾಲು. ನೆತ್ತಿಯ ಮೇಲೆ ಸಾಗುವ ಉಪಗ್ರಹ ಅದನ್ನು ದಾಟಲು ಒಂದು ಸೆಕೆಂಡಿನ ನಲವತ್ತನೇ ಒಂದು ಭಾಗ ಸಾಕು. ಇಷ್ಟಕ್ಕೇನು ಎನ್ನಿಸಬಹುದು. ಆದರೆ ಆ ಹೊಡೆತಕ್ಕೆ ರಿಸೀವರ್ ತುಂಬಿಹೋದರೆ ಉಪಗ್ರಹದ ತರಂಗಾಂತರ ಮಾತ್ರವಲ್ಲ, ಪಕ್ಕದವೂ ಕೆಡುತ್ತವೆ. ಕಿವಿಯ ಹತ್ತಿರ ಪಟಾಕಿ ಸಿಡಿದಾಗ ಎದುರಿನವರ ಮಾತೂ ಕೇಳಿಸುವುದಿಲ್ಲ, ಅಲ್ವಾ? ಹಾಗೆ. ನೇರವಾಗಿ ಅಡ್ಡ ಬರದೆ ಆಸುಪಾಸಿನಲ್ಲಿ ಹೋದರೂ ತೊಂದರೆಯೇ. ದಿನವಿಡೀ ಒಂದಾದ ಮೇಲೊಂದು ಹೋಗುತ್ತಲೇ ಇರುತ್ತವೆ.

ಅದಕ್ಕೆ ಅವರು ಕಂಡುಕೊಂಡ ದಾರಿ ಸರಳ. ಟೆಲಿಸ್ಕೋಪ್ ಎತ್ತ ನೋಡುತ್ತಿದೆ, ಯಾವ ತರಂಗಾಂತರದಲ್ಲಿ, ಎಷ್ಟರಿಂದ ಎಷ್ಟು ಗಂಟೆ. ಇಷ್ಟನ್ನು ವೀಕ್ಷಣಾಲಯದ ಕಂಪ್ಯೂಟರ್ ತಾನಾಗಿಯೇ ಕಂಪನಿಯ ಕಂಪ್ಯೂಟರಿಗೆ ತಿಳಿಸುತ್ತದೆ. ಆ ದೃಷ್ಟಿಯ ಹತ್ತಿರ ಬರುವ ಉಪಗ್ರಹ ತನ್ನ ಕಿರಣವನ್ನು ಬೇರೆ ಕಡೆಗೆ ತಿರುಗಿಸುತ್ತದೆ, ಇಲ್ಲವೇ ಕ್ಷಣಕಾಲ ಸುಮ್ಮನಾಗುತ್ತದೆ. ಇದನ್ನು ಗ್ರೀನ್ ಬ್ಯಾಂಕ್‌ನಲ್ಲೂ ನ್ಯೂ ಮೆಕ್ಸಿಕೋದ 27 ತಟ್ಟೆ ಆಂಟೆನಾಗಳ ವಿಎಲ್‌ಎ ಎಂಬ ರೇಡಿಯೋ ಟೆಲಿಸ್ಕೋಪ್‌ನಲ್ಲೂ ಪ್ರಯೋಗಿಸಿ ನೋಡಿದರು. ಗ್ರೀನ್ ಬ್ಯಾಂಕ್‌ನಲ್ಲಿ ಅಡ್ಡಿ ತಗ್ಗಿದ್ದನ್ನು 2024ರಲ್ಲಿ ಪ್ರಕಟಿಸಿದರು.

ತಿಂಗಳ ಪಟ್ಟಿಯನ್ನು ಮೇಲ್ ಮಾಡಿದರೆ ಆಗದಾ ಎಂದು ಕೇಳಬೇಡಿ! ಗಾಳಿ ಎದ್ದರೆ ಪಟ್ಟಿ ಬದಲಾಗುತ್ತದೆ. ಎಲ್ಲೋ ಒಂದು ನಕ್ಷತ್ರ ಸಿಡಿದರೆ ಎಲ್ಲ ಬಿಟ್ಟು ಅತ್ತ ತಿರುಗಬೇಕು. ಆಗಿಂದಾಗ್ಗೆ ಸುದ್ದಿ ಮುಟ್ಟುವುದೇ ಇಲ್ಲಿ ದೊಡ್ಡ ಕೆಲಸ ಎನ್ನುವುದು ನನ್ನ ಲೆಕ್ಕ.

ಹಿಂದೆ ಇದು ತಿರುಗುಮುರುಗಾಗಿತ್ತು. 2006ರಲ್ಲಿ ಹಾರಿಸಿದ ಕ್ಲೌಡ್‌ಸ್ಯಾಟ್ ಮೋಡಗಳನ್ನು ನೋಡಲು 94 ಗಿಗಾಹರ್ಟ್ಸ್ ರೇಡಾರ್ ಕಿರಣವನ್ನು ನೇರ ಕೆಳಕ್ಕೆ ಬಿಡುತ್ತಿತ್ತು. ಅದು ತಲೆಯ ಮೇಲೆ ಬಂದಾಗ ನೆತ್ತಿಯತ್ತ ನೋಡಿದರೆ ರಿಸೀವರೇ ಸುಟ್ಟುಹೋಗಬಹುದಿತ್ತು. ಆ ಹೊತ್ತಿಗೆ ಟೆಲಿಸ್ಕೋಪೇ ಮುಖ ತಿರುಗಿಸಬೇಕಿತ್ತು. ಒಂದು ಉಪಗ್ರಹವಾದರೆ ಸರಿ. ಸಾವಿರಾರು ಬಂದರೆ ಎಷ್ಟಕ್ಕೆ ಅಂತ ತಿರುಗುವುದು?

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಾರಾಯಣಗಾಂವ್ ಹತ್ತಿರದ ಜಿಎಂಆರ್‌ಟಿಯ 30 ತಟ್ಟೆಗಳು ಕೇಳುವುದು ಸುಮಾರು 1.5 ಗಿಗಾಹರ್ಟ್ಸ್‌ಗಿಂತ ಕೆಳಗೆ. ನಮ್ಮ ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದ ಆಂಟೆನಾಗಳದ್ದು ಅದಕ್ಕಿಂತಲೂ ಬಹಳ ಕೆಳಗೆ. ಅಲ್ಲಿಗೆ 10.7 ಗಿಗಾಹರ್ಟ್ಸ್ ಕಿರಣ ತಿರುಗಿಸಿ ಜಾಸ್ತಿ ಲಾಭವಿಲ್ಲ. ಅಲ್ಲಿನ ಭಯ ಬೇರೆ, ಉಪಗ್ರಹದೊಳಗಿನ ಎಲೆಕ್ಟ್ರಾನಿಕ್ಸ್‌ನಿಂದಲೇ ಸೋರುವ ಸಿಗ್ನಲ್. ನೆದರ್ಲ್ಯಾಂಡ್ಸ್‌ನ ಲೋಫಾರ್ ಟೆಲಿಸ್ಕೋಪ್ ಇದನ್ನು ಸ್ಟಾರ್‌ಲಿಂಕ್‌ನಲ್ಲಿ ಹಿಡಿಯಿತು. 2024ರ ಅಧ್ಯಯನದಲ್ಲಿ ಎರಡನೇ ಪೀಳಿಗೆಯ ಉಪಗ್ರಹಗಳ ಸೋರಿಕೆ ಮೊದಲಿನವಕ್ಕಿಂತ 32 ಪಟ್ಟಿನವರೆಗೂ ಜಾಸ್ತಿ ಕಂಡಿತು. ಇದು ಯಾವ ಕಡೆಗೂ ಗುರಿಯಿಟ್ಟು ಬಿಟ್ಟದ್ದಲ್ಲ, ತಿರುಗಿಸಲು ಇಲ್ಲಿ ಕಿರಣವೇ ಇಲ್ಲ. ವೇಳಾಪಟ್ಟಿ ಕೊಟ್ಟರೂ ಕಂಪನಿಯವರು ಏನೂ ಮಾಡಲಾರರು. ಉಪಗ್ರಹ ಕಟ್ಟುವಾಗಲೇ ಒಳಗಿನ ಬೋರ್ಡುಗಳಿಗೆ ಸರಿಯಾದ ಶೀಲ್ಡಿಂಗ್, ಅಂದರೆ ಸಿಗ್ನಲ್ ಸೋರದಂತೆ ತಡೆಯುವ ಹೊದಿಕೆ, ಹಾಕಿರಬೇಕು.