ಮೊದಲ ಸ್ಥಾನದ ಡಯಟ್ ಯಾರಿಗೆ?

ಓದುಗರೊಬ್ಬರ ಪತ್ರ: "ಅಮೆರಿಕದ ಡಯಟ್ ಪಟ್ಟಿಯಲ್ಲಿ ತರಕಾರಿ, ಕಾಳು, ಮೀನು, ಆಲಿವ್ ಎಣ್ಣೆಯ ಮೆಡಿಟರೇನಿಯನ್ ಡಯಟ್ ವರ್ಷವರ್ಷವೂ ಮೇಲೆ, ಪಿಷ್ಟ ಬಹುತೇಕ ಬಿಟ್ಟು ಕೊಬ್ಬು ಹೆಚ್ಚು ತಿನ್ನುವ ಕೀಟೋ ಎಲ್ಲೋ ಕೆಳಗೆ. ಆದರೆ ನನ್ನ ಸಹೋದ್ಯೋಗಿ ಕೀಟೋ ಹಿಡಿದು ಎರಡೇ ವಾರದಲ್ಲಿ ನಾಲ್ಕು ಕಿಲೋ ಇಳಿದರು. ಪಟ್ಟಿಯನ್ನು ನಂಬಲೋ, ಕಣ್ಣಾರೆ ಕಂಡದ್ದನ್ನು ನಂಬಲೋ? ನಾನು ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ."

ಸಂಪಾದಕರ ಉತ್ತರ:

ಎರಡನ್ನೂ ನಂಬಬಹುದು. ಪಟ್ಟಿ ಕೇಳುವ ಪ್ರಶ್ನೆ ಒಂದು, ನಿಮ್ಮ ಸಹೋದ್ಯೋಗಿಯ ತೂಕದ ಯಂತ್ರ ಕೊಡುವ ಉತ್ತರ ಇನ್ನೊಂದಕ್ಕೆ.

ನೀವು ಹೇಳುತ್ತಿರುವುದು 'ಯು.ಎಸ್. ನ್ಯೂಸ್ ಅಂಡ್ ವರ್ಲ್ಡ್ ರಿಪೋರ್ಟ್' 2011ರಿಂದ ಪ್ರಕಟಿಸುತ್ತಿರುವ ಪಟ್ಟಿ ಇರಬೇಕು. ಅದಕ್ಕಾಗಿ ಯಾರನ್ನೂ ಹೊಸದಾಗಿ ಡಯಟ್‌ಗೆ ಹಚ್ಚಿ ತೂಗಿ ನೋಡುವುದಿಲ್ಲ. ವೈದ್ಯರು, ಪೋಷಣಾ ತಜ್ಞರು ಇರುವ ತಂಡವೊಂದು ತನಗೆ ತಿಳಿದಿರುವುದರ ಮೇಲೆ ಅಂಕ ಹಾಕುತ್ತದೆ. ತೂಕ ಇಳಿಕೆಯ ಜೊತೆಗೆ ಪೌಷ್ಟಿಕತೆ, ಸುರಕ್ಷತೆ, ಪಾಲಿಸುವ ಸುಲಭ, ಹೃದಯದ ಆರೋಗ್ಯ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಟ್ಟು ಅಂಕದಲ್ಲಿ ಹಿಂದೆ ಬಿದ್ದ ಕೀಟೋ, 'ಬೇಗ ತೂಕ ಇಳಿಸುವವು' ಎಂಬ ಬೇರೆ ಪಟ್ಟಿಯಲ್ಲಿ ಮುಂದಿನ ಸಾಲಿಗೆ ಬಂದದ್ದೂ ಉಂಟು. ಸುದ್ದಿಯ ತಲೆಬರಹದಲ್ಲಿ ಅದು ಕಾಣುವುದಿಲ್ಲ, ಅಷ್ಟೆ.

ಇನ್ನು ಆ ನಾಲ್ಕು ಕಿಲೋ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಸುಮಾರು ಅರ್ಧ ಕಿಲೋ ಗ್ಲೈಕೋಜೆನ್, ಅಂದರೆ ದೇಹ ಮುಂದಿನ ಬಳಕೆಗೆ ಉಳಿಸುವ ಸಕ್ಕರೆಯ ರೂಪ, ಕೂಡಿಟ್ಟಿರುತ್ತದೆ. ಒಂದೊಂದು ಗ್ರಾಂ ಗ್ಲೈಕೋಜೆನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಪಿಷ್ಟ, ಸಕ್ಕರೆ ನಿಲ್ಲಿಸಿದ ಮೊದಲ ವಾರದಲ್ಲೇ ಅದರ ಬಹುಪಾಲು ಖರ್ಚಾಗಿ ನೀರೂ ಹೊರಟುಹೋಗುತ್ತದೆ. ಹಾಗಾಗಿ ನಾಲ್ಕರಲ್ಲಿ ಒಂದೂವರೆ, ಎರಡು ಕಿಲೋ ಕೊಬ್ಬೇ ಅಲ್ಲದಿರಬಹುದು. ಹಳೆಯ ಊಟಕ್ಕೆ ಮರಳಿದರೆ ಅಷ್ಟೂ ವಾಪಸ್ ಬರುತ್ತದೆ. ತೂಕದ ಯಂತ್ರಕ್ಕೆ ನೀರು, ಕೊಬ್ಬು ಎಂಬ ಭೇದವಿಲ್ಲವಲ್ಲ!

ಎರಡು ವಾರದ ಮಾತು ಬಿಟ್ಟು ಒಂದು ವರ್ಷದ ಲೆಕ್ಕ ನೋಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 609 ಜನರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಕೊಬ್ಬನ್ನು, ಇನ್ನೊಂದರಲ್ಲಿ ಪಿಷ್ಟವನ್ನು ಕಡಿಮೆ ಮಾಡಿಸಿದರು. ಫಲಿತಾಂಶ ಹೊರಬಂದದ್ದು 2018ರಲ್ಲಿ. ವರ್ಷದ ಕೊನೆಗೆ ಸರಾಸರಿ ಇಳಿಕೆ ಕ್ರಮವಾಗಿ 5.3 ಮತ್ತು 6 ಕಿಲೋ. ಆ ವ್ಯತ್ಯಾಸಕ್ಕೆ ಅರ್ಥವಿಲ್ಲ ಎಂದು ಅವರೇ ಹೇಳಿದರು. ಎರಡೂ ಗುಂಪಿನಲ್ಲಿ ಇಪ್ಪತ್ತು ಕಿಲೋಗೂ ಹೆಚ್ಚು ಇಳಿದವರಿದ್ದರು, ಮೊದಲಿಗಿಂತ ದಪ್ಪಗಾದವರೂ ಇದ್ದರು. 2005ರ ಇನ್ನೊಂದು ಅಧ್ಯಯನದಲ್ಲಿ ಆಟ್ಕಿನ್ಸ್ (ಪಿಷ್ಟ ತೀರಾ ಕಡಿಮೆ), ಜೋನ್, ಆರ್ನಿಶ್ (ಕೊಬ್ಬು ತೀರಾ ಕಡಿಮೆ), ವೇಟ್ ವಾಚರ್ಸ್ ಎಂಬ ನಾಲ್ಕು ಹೆಸರಾಂತ ಡಯಟ್‌ಗಳನ್ನು ಹೋಲಿಸಿದಾಗ, ಯಾವ ಡಯಟ್ ಎನ್ನುವುದಕ್ಕಿಂತ ಎಷ್ಟು ನಿಷ್ಠೆಯಿಂದ ಪಾಲಿಸಿದರು ಎನ್ನುವುದೇ ತೂಕವನ್ನು ನಿರ್ಧರಿಸಿತ್ತು. ಆಟ್ಕಿನ್ಸ್ ಮತ್ತು ಆರ್ನಿಶ್ ಹಿಡಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ವರ್ಷ ತುಂಬುವ ಮೊದಲೇ ಕೈಬಿಟ್ಟಿದ್ದರು. ನನ್ನ ಮಟ್ಟಿಗೆ, ಪಟ್ಟಿಯಲ್ಲಿ 'ಪಾಲಿಸಲು ಸುಲಭ' ಎನ್ನುವ ಅಂಕಣವನ್ನೇ ಮೊದಲು ಓದಬೇಕು.

ನಿಮ್ಮ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ. ಮಾತ್ರೆ ನಡೆಯುತ್ತಿರುವಾಗ ಏಕಾಏಕಿ ಪಿಷ್ಟ ಬಿಟ್ಟರೆ ಕೆಲವು ಔಷಧಿಗಳಿಂದ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಇನ್ನು ಕೆಲವು, ಉದಾಹರಣೆಗೆ ಹೆಸರು 'ಗ್ಲಿಫ್ಲೋಜಿನ್' ಎಂದು ಮುಗಿಯುವಂಥವು, ಕೀಟೋ ಜೊತೆ ಸೇರಿದರೆ ರಕ್ತದಲ್ಲಿ ಆಮ್ಲ ಏರಿ ಆಸ್ಪತ್ರೆ ಸೇರಬೇಕಾಗಬಹುದು. ಡಯಟ್ ಶುರು ಮಾಡುವ ಮೊದಲೇ ಮಾತ್ರೆಯ ಚೀಟಿ ಹಿಡಿದು ವೈದ್ಯರನ್ನು ಕಾಣಿ.