ಬಾಡಿಗೆ ಏರುತ್ತದೆ, ಎಂಆರ್‌ಪಿ ಏರುವುದಿಲ್ಲ

ಪತ್ರದ ಸಾರ: ದಕ್ಷಿಣ ಗೋವಾದ ಕಾಣಕೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಿರಾಣಿ ಅಂಗಡಿ ನಡೆಸುತ್ತಿರುವ, ಮೂಲತಃ ಗದಗ ಜಿಲ್ಲೆಯವರಾದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ಪಾಲೋಲೆಂ ತೀರದ ಪ್ರವಾಸಿಗರು ಈಗ ಒಳಗಿನ ಹಳ್ಳಿಗಳಿಗೂ ಬರುತ್ತಿದ್ದಾರೆ. ಕಟ್ಟಡದ ಮಾಲೀಕರು ತಿಂಗಳ ಬಾಡಿಗೆಯನ್ನು 9,000ದಿಂದ 22,000 ರೂಪಾಯಿಗೆ ಏರಿಸುತ್ತಾರಂತೆ. ಒಂದು ಕೆಫೆಯವರು ಅಷ್ಟು ಕೊಡಲು ಸಿದ್ಧರಿದ್ದಾರಂತೆ. ಬಾಗಿಲ ಬಳಿಯ ಜೋಳದ ಹಿಟ್ಟಿನ ಚೀಲ ತೆಗೆದು ಫ್ರಿಜ್ಜು, ಟೋಪಿ, ಮಣಿಸರ ಇಡಲೇ? ಪ್ರವಾಸೋದ್ಯಮವು ಹಳ್ಳಿಯ ಅಂಗಡಿಗೆ ವರವೆಂದು ನೀವು ಬರೆದಿರಿ. ಯಾರ ಅಂಗಡಿಗೆ?” ಹೆಸರು ಪ್ರಕಟಿಸಬಾರದೆಂದು ಅವರು ಕೋರಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯರೇ,

ಆ ವಾಕ್ಯ ನಮ್ಮದೇ. ಮುಂಬೈಯ ಕಚೇರಿಯಲ್ಲಿ ಕುಳಿತು ಬರೆಯುವಾಗ ಅಂಗಡಿ ಎಂದರೆ ಎಲ್ಲ ಅಂಗಡಿಯೂ ಒಂದೇ ಎಂದು ಭಾವಿಸಿದ್ದು ನಮ್ಮ ತಪ್ಪು. ನಿಮ್ಮ ಪತ್ರದಲ್ಲಿರುವ ಎರಡು ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದಾಗ ನಮಗೆ ಹೊಳೆದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ನಿಮ್ಮ ಅಂಗಡಿಯಲ್ಲಿ ಪ್ರವಾಸಿಗ ಕೇಳುವುದು ಹೆಚ್ಚಾಗಿ ನೀರಿನ ಬಾಟಲಿ, ಬಿಸ್ಕತ್ತು, ಸಿಗರೇಟು, ಸೋಪು. ಇವೆಲ್ಲದರ ಮೇಲೂ ಗರಿಷ್ಠ ಚಿಲ್ಲರೆ ಬೆಲೆ, ಅಂದರೆ ಎಂಆರ್‌ಪಿ, ಅಚ್ಚಾಗಿರುತ್ತದೆ, ಅದಕ್ಕಿಂತ ಒಂದು ರೂಪಾಯಿ ಹೆಚ್ಚಿಗೆ ಪಡೆದರೂ ಕಾನೂನುಬದ್ಧ ಮಾಪನಶಾಸ್ತ್ರ ಕಾಯ್ದೆಯಡಿ ಅದು ಅಪರಾಧ. ಅದೇ ಬಾಟಲಿಯನ್ನು ಹೋಟೆಲಿನವರು ಮೇಜಿನ ಮೇಲಿಟ್ಟು ಹೆಚ್ಚು ಬೆಲೆಗೆ ಕೊಡಬಹುದೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರ್‌ನಲ್ಲಿ ಹೇಳಿತು. ಅಲ್ಲಿ ಮಾರಾಟವಾಗುವುದು ನೀರು ಮಾತ್ರವಲ್ಲ, ಕೂರುವ ಜಾಗ ಮತ್ತು ಉಪಚಾರವೂ ಹೌದು ಎಂಬುದು ಅದರ ತರ್ಕ. ತರ್ಕ ಸರಿಯಿರಬಹುದು. ಆದರೆ ಪ್ರವಾಸಿಗರಿಂದಾಗಿ ಜಾಗದ ಬೆಲೆ ಏರಿದಾಗ ಕೆಫೆಯವರು ಆ ಏರಿಕೆಯನ್ನು ಕಾಫಿಯ ಕಪ್ಪಿಗೆ ಸೇರಿಸಿಬಿಡುತ್ತಾರೆ, ನೀವು ಬಿಸ್ಕತ್ತಿನ ಪೊಟ್ಟಣಕ್ಕೆ ಸೇರಿಸಲಾರಿರಿ. ಬಾಡಿಗೆಯನ್ನು ಮಾತ್ರ ಇಬ್ಬರಿಗೂ ಒಂದೇ ತಕ್ಕಡಿಯಲ್ಲಿ ತೂಗಲಾಗುತ್ತಿದೆ. ಒಂದು ಬಾಟಲಿಗೆ ನಿಮಗೆ ಐದು ರೂಪಾಯಿ ಉಳಿಯುತ್ತದೆಂದುಕೊಂಡರೂ ಹೆಚ್ಚುವರಿ 13,000 ರೂಪಾಯಿ ಬಾಡಿಗೆಗಾಗಿಯೇ ತಿಂಗಳಿಗೆ 2,600 ಬಾಟಲಿ, ಅಂದರೆ ದಿನಕ್ಕೆ 86ಕ್ಕೂ ಹೆಚ್ಚು ಹೋಗಬೇಕು, ಅದೂ ಜುಲೈ ತಿಂಗಳ ಮಳೆಯಲ್ಲಿ.

ಪ್ರವಾಸಿ ಊರುಗಳಲ್ಲಿ ಕಿರಾಣಿ ಅಂಗಡಿಗಳು ಒಂದೊಂದಾಗಿ ಮಣಿಸರದ, ಬಟ್ಟೆಯ, ಬಾಡಿಗೆ ಸ್ಕೂಟರಿನ ಅಂಗಡಿಗಳಾಗುವುದು ಇದೇ ಕಾರಣಕ್ಕೆ: ಬೆಲೆ ಅಚ್ಚಾಗದ ಮಾಲು ಮಾತ್ರ ಆ ಬಾಡಿಗೆಯನ್ನು ತಾಳಿಕೊಳ್ಳುತ್ತದೆ. (ನೀರಿನ ಹಳೆಯ ಬಾಟಲಿಗಳಲ್ಲಿ ಪೆಟ್ರೋಲು ತುಂಬಿ ರಸ್ತೆಬದಿಯಲ್ಲಿ ಸಾಲಾಗಿ ನಿಲ್ಲಿಸುವ ಗೋವಾದ ಪದ್ಧತಿಯೂ ಇದರದೇ ಸಂತತಿ. ದಯವಿಟ್ಟು ಅದಕ್ಕೆ ಮಾತ್ರ ಕೈಹಾಕಬೇಡಿ; ಅದು ಕಾನೂನಿಗೆ ವಿರುದ್ಧ, ಬೆಂಕಿಗೆ ಹತ್ತಿರ.)

ಹಾಗಾದರೆ ನೀವೂ ಮಣಿಸರಕ್ಕೆ ಇಳಿಯಬೇಕೇ? ಕಳೆದ ಜೂನ್‌ನಲ್ಲಿ ಅಗೋಂದದ ಕಡೆಗೆ ಹೋಗುವ ರಸ್ತೆಯಲ್ಲಿ ಮಳೆಗೆ ಸಿಕ್ಕಿ ನಾವು ಒಂದು ಪಸರೊದಲ್ಲಿ, ಅಂದರೆ ಕೊಂಕಣಿಯವರ ಸಣ್ಣ ಅಂಗಡಿಯಲ್ಲಿ, ಅರ್ಧ ಗಂಟೆ ನಿಂತಿದ್ದೆವು. ಅಂಗಡಿಗೆ ಎರಡು ಷಟರು. ಎಡಗಡೆಯದು ಅರ್ಧ ಇಳಿದಿತ್ತು, ಒಳಗೆ ಹಗ್ಗದ ಮೇಲೆ ತೂಗುಹಾಕಿದ್ದ ಆನೆ ಚಿತ್ರದ ಸಡಿಲ ಪೈಜಾಮಗಳ ಮಡಿಕೆಗಳಿಗೆ ಬೂಷ್ಟು ಹಿಡಿದಿತ್ತು. ಬಲಗಡೆ ಅಂಗಡಿಯಾಕೆ ಒಬ್ಬ ಹುಡುಗನಿಗೆ ಎರಡು ಕಿಲೋ ಉಕಡಾ ಅಕ್ಕಿ, ಅಂದರೆ ಕುಚ್ಚಲಕ್ಕಿ, ತೂಗಿಕೊಟ್ಟು, ದಾರದಿಂದ ಗೂಟಕ್ಕೆ ಕಟ್ಟಿದ್ದ ಪುಸ್ತಕದಲ್ಲಿ ಅವನ ತಾಯಿಯ ಲೆಕ್ಕ ಬರೆದರು. ಪೈಜಾಮಗಳತ್ತ ನಾವು ನೋಡುತ್ತಿರುವುದನ್ನು ಕಂಡು, “ಅವು ಅಕ್ಟೋಬರ್‌ಗೆ ಏಳುತ್ತವೆ” ಎಂದು ನಕ್ಕರು. ಮೇ ಮುಗಿಯುತ್ತಿದ್ದಂತೆ ತೀರದ ಶ್ಯಾಕುಗಳನ್ನೂ (ತಾತ್ಕಾಲಿಕ ಊಟದಂಗಡಿಗಳನ್ನೂ) ಬಿದಿರಿನ ಗುಡಿಸಲುಗಳನ್ನೂ ಬಿಚ್ಚಿ ಒಳಗಿಡುವ ಊರಿನಲ್ಲಿ ನಾಲ್ಕು ತಿಂಗಳು ಆ ಅಂಗಡಿಯನ್ನು ನಡೆಸುವುದು ಬಲಗಡೆಯ ಷಟರೇ. 2020ರ ಮಾರ್ಚ್‌ನ ಲಾಕ್‌ಡೌನಿನಲ್ಲಿ ಆ ನಾಲ್ಕು ತಿಂಗಳು ಇನ್ನೂ ಹಿಗ್ಗಿದ್ದವು ಎಂಬುದನ್ನು ನಿಮಗೆ ನಾವು ನೆನಪಿಸಬೇಕಾಗಿಲ್ಲ.

ನಿಮ್ಮ ಪತ್ರದ ಕೊನೆಯಲ್ಲಿ, ಹೆಚ್ಚು ಮಹತ್ವ ಕೊಡದೆ, ಒಂದು ಮಾತು ಬರೆದಿದ್ದೀರಿ: ಜೋಳದ ಹಿಟ್ಟು ಒಯ್ಯುವವರೆಲ್ಲ ರೆಸಾರ್ಟಿನ ಕಟ್ಟಡ ಕೆಲಸಕ್ಕೆ ಬಂದ ಕೊಪ್ಪಳ, ವಿಜಯಪುರದ ಗೌಂಡಿಗಳು ಎಂದು. ಪ್ರವಾಸೋದ್ಯಮವು ನಿಮಗೆ ತಂದುಕೊಟ್ಟ ನಿಜವಾದ ಗಿರಾಕಿಗಳು ಅವರೇ ಎಂದು ನಮಗೆ ತೋರುತ್ತದೆ. ಪ್ರವಾಸಿಗ ಫೋನಿನಿಂದ ಸ್ಕ್ಯಾನ್ ಮಾಡಿ ಇಪ್ಪತ್ತು ರೂಪಾಯಿ ಕೊಟ್ಟು ಹೋಗುತ್ತಾನೆ, ಅವನು ಮತ್ತೆ ಬರುವುದು ಅನುಮಾನ. ಆದರೆ ಅವನಿಗೆ ಅಡುಗೆ ಮಾಡುವವರು, ಹಾಸಿಗೆ ಹಾಸುವವರು, ಗೋಡೆ ಕಟ್ಟುವವರು ಪಕ್ಕದ ಓಣಿಯ ಬಾಡಿಗೆ ಕೋಣೆಗಳಲ್ಲಿದ್ದು ಎಣ್ಣೆ, ಬೇಳೆ, ಖಾರದಪುಡಿಗೆ ದಿನವೂ ನಿಮ್ಮ ಬಾಗಿಲಿಗೆ ಬರುತ್ತಾರೆ. ಇವರಲ್ಲೂ ಹಲವರು ಮಳೆಗಾಲಕ್ಕೆ ಊರಿಗೆ ಹೋಗುವವರು, ಆದ್ದರಿಂದ ಅವರ ಉದ್ರಿಯನ್ನು ಮೇ ಒಳಗೆ ಚುಕ್ತಾ ಮಾಡಿಸಿಕೊಳ್ಳುವುದು ಒಳ್ಳೆಯದು. ಘಟ್ಟದ ಮೇಲಿನವರನ್ನು “ಘಾಟಿ” ಎಂದು ಕರೆಯುವ ಊರಿನಲ್ಲಿ ಇಪ್ಪತ್ತೆರಡು ವರ್ಷದ ಉದ್ರಿ ಪುಸ್ತಕ ನಿಮ್ಮನ್ನು ಊರಿನವರನ್ನಾಗಿ ಮಾಡಿದೆ, ಟೋಪಿಯ ಅಂಗಡಿ ಆ ಕೆಲಸ ಮಾಡುತ್ತಿರಲಿಲ್ಲ.

ಫ್ರಿಜ್ಜು ಇಡಿ, ರಸ್ತೆಯ ಕಡೆಗೆ. ಬೆಲೆ ಅಚ್ಚಾಗದ ಮಾಲು ಬೇಕೆಂದರೆ ಮಣಿಸರಕ್ಕಿಂತ ನಿಮ್ಮ ತಾಲ್ಲೂಕಿನ, ಜಿಐ (ಭೌಗೋಳಿಕ ಗುರುತು) ಮಾನ್ಯತೆಯ ಖೋಲಾ ಮೆಣಸಿನಕಾಯಿಯನ್ನು, ಜೊತೆಗೆ ಕೋಕಂ, ಗೋಡಂಬಿಗಳನ್ನು ಹಳ್ಳಿಯ ಮನೆಗಳಿಂದಲೇ ಕೊಂಡು ಬಿಡಿಯಾಗಿ ಮಾರಿ. ಪ್ರವಾಸಿಗ ಬಾರದ ದಿನ ಊರಿನವರೇ ಒಯ್ಯುತ್ತಾರೆ. ಮೊದಲೇ ಪೊಟ್ಟಣ ಕಟ್ಟಿಟ್ಟರೆ ತೂಕ, ಬೆಲೆ ಅಚ್ಚು ಹಾಕುವ ನಿಯಮ ನಿಮಗೂ ಅನ್ವಯಿಸುತ್ತದೆ. ಗಿರಾಕಿಯ ಎದುರಿಗೆ ತೂಗಿ ಕೊಟ್ಟರೆ ಆ ತೊಡಕಿಲ್ಲ.

ಇನ್ನು ಬಾಡಿಗೆ. ಕೆಫೆಯವರು 22,000 ಕೊಡಬಹುದು, ಆದರೆ ಮಳೆಗಾಲದಲ್ಲೂ ಕೊಡುತ್ತಾರೆಯೇ ಎಂದು ಮಾಲೀಕರನ್ನು ಸೌಜನ್ಯದಿಂದಲೇ ಕೇಳಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ 15,000, ಉಳಿದ ಆರು ತಿಂಗಳು ಈಗಿನ 9,000 ಎಂಬ ಪ್ರಸ್ತಾವವನ್ನು ಮುಂದಿಟ್ಟರೆ ಅವರಿಗೆ ವರ್ಷಕ್ಕೆ 36,000 ರೂಪಾಯಿ ಹೆಚ್ಚು ಬರುತ್ತದೆ, ಜಾಗ ಒಂದು ತಿಂಗಳೂ ಖಾಲಿ ಬೀಳುವುದಿಲ್ಲ. ಒಪ್ಪಿದರೆ ಬಾಯಿಮಾತಿಗೆ ಬಿಡದೆ ಮೂರು ವರ್ಷಕ್ಕೆ ಬರೆಸಿಕೊಳ್ಳಿ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ, ಆ ಖರ್ಚು ಯಾರದೆಂಬುದನ್ನೂ ಅದೇ ದಿನ ಮಾತಾಡಿ ಮುಗಿಸಿ. ಜೋಳದ ಹಿಟ್ಟಿನ ಚೀಲ ಬಾಗಿಲ ಬಳಿಯೇ ಇರಲಿ.