ಸರಪಳಿ ಸದ್ದು ಕೇಳುವಷ್ಟು ಹತ್ತಿರ

ಓದುಗರ ಪತ್ರ:

ಮಾನ್ಯ ಸಂಪಾದಕರೇ, ನಾವು ಗಂಗಾವತಿ ಸೀಮೆಯ ಹತ್ತು-ಹನ್ನೆರಡು ಹುಡುಗರು ಡಿಸ್ಕ್ ಗಾಲ್ಫ್, ಅಂದರೆ ಡಿಸ್ಕ್ ಎಸೆದು ಬುಟ್ಟಿಗೆ ಹಾಕುವ ಆಟ, ಆಡುತ್ತೇವೆ. ಈ ಚಳಿಗಾಲ ಒಂದು ಟೂರ್ನಮೆಂಟ್ ಮಾಡಿ ಜನ ಸೇರಿಸಬೇಕೆಂಬ ಆಸೆ. ದೊಡ್ಡ ಬಹುಮಾನ ಇಟ್ಟು, ಒಬ್ಬ ಸಿನಿಮಾ ನಟರನ್ನು ಕರೆಸಿದರೆ ಮಾತ್ರ ಜನ ಬರುತ್ತಾರೆ ಎಂದು ನಮ್ಮಲ್ಲಿ ಅರ್ಧ ಮಂದಿಯ ವಾದ. ಹದಿನೆಂಟು ಹೋಲ್, ಅಂದರೆ ಹದಿನೆಂಟು ಗುರಿಗಳ ಆಟವನ್ನು ಒಂದು ಕಡೆ ಕೂತು ನೋಡಲಾಗದು, ಇದು ಆಡುವ ಆಟವೇ ಹೊರತು ನೋಡುವ ಆಟವಲ್ಲ ಎಂದು ಉಳಿದರ್ಧ. ಅಮೆರಿಕದಲ್ಲಿ ಇದಕ್ಕೆ ವೃತ್ತಿಪರ ಟೂರ್ ಇದೆಯಲ್ಲ, ಅವರು ಹೇಗೆ ಜನರನ್ನು ಸೇರಿಸಿದರು? ದಯವಿಟ್ಟು ತಿಳಿಸಿ.

ಸಂಪಾದಕರ ಉತ್ತರ:

ಬಹುಮಾನದ ಪಕ್ಷದವರಿಗೆ ಸಲ್ಲಬೇಕಾದ್ದು ಮೊದಲು ಸಲ್ಲಲಿ. ದುಡ್ಡಿಲ್ಲದೆ ಆಟಗಾರ ಬಹಳ ದಿನ ಉಳಿಯುವುದಿಲ್ಲ. ನಟರು ಬಂದರೆ ಮೈದಾನ ತುಂಬುತ್ತದೆ, ಅದೂ ನಿಜ. ಅವರ ಕಾರು ಹೊರಟ ಹತ್ತು ನಿಮಿಷಕ್ಕೆ ಖಾಲಿಯೂ ಆಗುತ್ತದೆ. ಅಷ್ಟು ಹೇಳಿ ಅವರನ್ನು ಇಲ್ಲಿಗೇ ಬಿಡೋಣ.

ನೀವು ಕೇಳಿದ ಅಮೆರಿಕದ ಕತೆಯನ್ನೇ ತೆಗೆದುಕೊಳ್ಳಿ. ಪಾಲ್ ಮೆಕ್‌ಬೆತ್ 2012ರಿಂದ 2015ರವರೆಗೆ ಸತತ ನಾಲ್ಕು ವರ್ಷ ವಿಶ್ವ ಚಾಂಪಿಯನ್ ಆದ. ಆದರೆ ಡಿಸ್ಕ್ ತಯಾರಿಸುವ ಡಿಸ್ಕ್‌ಕ್ರಾಫ್ಟ್ ಕಂಪನಿ ಅವನೊಂದಿಗೆ ಹತ್ತು ವರ್ಷಕ್ಕೆ ಒಂದು ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡದ್ದು 2021ರಲ್ಲಿ. ಕೈ ಅದೇ, ಎಸೆತ ಅದೇ. ನಡುವೆ ಬಂದದ್ದು ಕ್ಯಾಮೆರಾ. ಜೋಮೆಜ್ ಪ್ರೊಡಕ್ಷನ್ಸ್‌ನಂಥವರು ಪಂದ್ಯವನ್ನು ಚಿತ್ರೀಕರಿಸಿ, ನಡೆದಾಡುವ ಹೊತ್ತನ್ನೆಲ್ಲ ಕತ್ತರಿಸಿ, ಡಿಸ್ಕ್ ಹಾರಿದ ದಾರಿಗೆ ಗೆರೆ ಎಳೆದು, ಆಟಗಾರರಿಂದಲೇ ವಿವರಣೆ ಹೇಳಿಸಿ ಮರುದಿನ ಯೂಟ್ಯೂಬಿಗೆ ಬಿಟ್ಟಿಯಾಗಿ ಹಾಕಿದರು. 2016ರಲ್ಲಿ ಡಿಸ್ಕ್ ಗಾಲ್ಫ್ ಪ್ರೊ ಟೂರ್ ಶುರುವಾಯಿತು, ಆಮೇಲೆ ಟೂರ್‌ನದೇ ನೇರಪ್ರಸಾರವೂ ಬಂತು. ಕಣ್ಣು ಮೊದಲು ಬಂದವು, ಕಾಸು ಅವುಗಳ ಹಿಂದೆ ನಡೆದು ಬಂತು. ನಿಮ್ಮ ಗೆಳೆಯರು ಬಂಡಿಯನ್ನು ಎತ್ತಿನ ಮುಂದೆ ಕಟ್ಟುತ್ತಿದ್ದಾರೆ.

ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಗಾಲ್ಫಿನ ಲೆಕ್ಕವೇ: ಚೆಂಡಿನ ಬದಲು 150ರಿಂದ 180 ಗ್ರಾಂ ತೂಗುವ ಪ್ಲಾಸ್ಟಿಕ್ ಡಿಸ್ಕ್, ಕುಳಿಯ ಬದಲು ಕಂಬದ ಮೇಲೆ ಸರಪಳಿ ಇಳಿಬಿಟ್ಟ ಕಬ್ಬಿಣದ ಬುಟ್ಟಿ. ಟೀ, ಅಂದರೆ ಶುರುವಿನ ಜಾಗದಿಂದ ಎಸೆದು, ಬಿದ್ದಲ್ಲಿಂದ ಮತ್ತೆ ಎಸೆದು, ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವನು ಗೆದ್ದ. ಆ ಸರಪಳಿಯ ಬುಟ್ಟಿಯನ್ನು ಮಾಡಿದವನು ಎಡ್ ಹೆಡ್ರಿಕ್, ಫ್ರಿಸ್ಬಿ ತಯಾರಿಸುತ್ತಿದ್ದ ವ್ಯಾಮ್-ಒ ಕಂಪನಿಯಲ್ಲಿದ್ದವನು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಮೊದಲ ಕೋರ್ಸ್ (ಆಟದ ಅಂಗಳ) ಹಾಕಿದಾಗ ಗುರಿ ಅಂದರೆ ಬರೀ ಕಂಬ. ತಾಗಿತೋ ಇಲ್ಲವೋ ಎಂಬ ತಕರಾರು ತೀರುತ್ತಿರಲಿಲ್ಲ. ಸರಪಳಿ ಬಂದ ಮೇಲೆ ತಕರಾರು ಮುಗಿಯಿತು, ಏಕೆಂದರೆ ಝಣ್ ಎಂಬ ಸದ್ದು ಐವತ್ತು ಹೆಜ್ಜೆ ಆಚೆ ನಿಂತವನಿಗೂ ಕೇಳುತ್ತದೆ. ಈ ಆಟವನ್ನು ನೋಡುವ ಆಟ ಮಾಡಿದ ಮೊದಲ ಸಾಧನ ಆ ಸರಪಳಿಯೇ ಎಂಬುದು ನಮ್ಮ ಪಕ್ಕಾ ನಂಬಿಕೆ.

ಇನ್ನು ಒಂದು ಕಡೆ ಕೂತು ನೋಡಲಾಗದು ಎಂಬ ವಾದ. ಇದನ್ನು ಕೊಪ್ಪಳ ಜಿಲ್ಲೆಯವರು ಬರೆದದ್ದು ಕಂಡು ನಗು ಬಂತು. ಗವಿಮಠದ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರಲ್ಲ, ಅವರೆಲ್ಲ ಕುರ್ಚಿ ಹಾಕಿಕೊಂಡು ತೇರು ನೋಡುತ್ತಾರೆಯೇ? ರಾಯಚೂರಿಗೆ ಹೋಗಿ, ಕಾರಹುಣ್ಣಿಮೆಯ ಮುಂಗಾರು ಹಬ್ಬದಲ್ಲಿ ಎತ್ತುಗಳಿಂದ ಭಾರದ ಕಲ್ಲು ಎಳೆಸುವ ಸ್ಪರ್ಧೆ ನೋಡಿ. ಒಂದೂವರೆ ಟನ್, ಎರಡು ಟನ್ ಕಲ್ಲು. ಜೋಡಿ ಮುಂದೆ ಸರಿದಂತೆ ಜನವೂ ಸರಿಯುತ್ತಾರೆ, ಧೂಳು ಕುಡಿಯುತ್ತಾರೆ, ಬಿಸಿಲು ಲೆಕ್ಕಕ್ಕಿಲ್ಲ. ಯಾಕೆ? ನಿಂತ ಪ್ರತಿಯೊಬ್ಬನಿಗೂ ಮೂರು ಸಂಗತಿ ಗೊತ್ತು: ಈ ಜೋಡಿ ಯಾವ ಊರಿನದು, ಹಿಂದಿನ ಜೋಡಿ ಎಲ್ಲಿವರೆಗೆ ಎಳೆದಿತ್ತು, ಇದು ಎಲ್ಲಿ ದಾಟಿದರೆ ಗೆದ್ದ ಹಾಗೆ. ನೆಲದ ಮೇಲಿನ ಗೀಟಿನ ಕಡೆ ಕಣ್ಣು ನೆಟ್ಟಿರುತ್ತದೆ. ಕಲ್ಲು ಗೀಟಿಗೆ ಎರಡು ಮಾರು ಇದೆ ಎನ್ನುವಾಗ ಏಳುವ ಕೂಗಿಗೆ ಯಾವ ನಟನೂ ಬೇಕಿಲ್ಲ.

ನೋಡುಗನಿಗೆ ಎಸೆತಕ್ಕೆ ಮುಂಚೆಯೇ ಏನಾಗಬೇಕಿದೆ ಎಂದು ತಿಳಿದಿರಬೇಕು. ತಿಳಿದಿದ್ದರೆ ಅದು ಪಂದ್ಯ, ಇಲ್ಲದಿದ್ದರೆ ತಟ್ಟೆ ಹಾರಾಟ. 2021ರ ವಿಶ್ವ ಚಾಂಪಿಯನ್‌ಶಿಪ್, ಯೂಟಾ ರಾಜ್ಯದ ಆಗ್ಡನ್. ಕೊನೆಯ ಹೋಲ್‌ನಲ್ಲಿ ಜೇಮ್ಸ್ ಕಾನ್ರಾಡ್, ಮೆಕ್‌ಬೆತ್‌ಗಿಂತ ಒಂದು ಎಸೆತ ಹಿಂದೆ. ಬುಟ್ಟಿ ಸುಮಾರು 75 ಮೀಟರ್ ದೂರ. ಇಲ್ಲಿಂದಲೇ ಒಳಗೆ ಹಾಕಿದರೆ ಸಮ, ಇಲ್ಲದಿದ್ದರೆ ಆಟ ಮುಗಿಯಿತು ಎಂಬುದು ಸುತ್ತ ನಿಂತ ಎಲ್ಲರಿಗೂ ಗೊತ್ತಿತ್ತು. ಡಿಸ್ಕ್ ಬಾಗಿ ಬಂದು ಸರಪಳಿಗೇ ಬಡಿಯಿತು. ಸಮ ಬಿಡಿಸಲು ಆಡಿದ ಪ್ಲೇಆಫ್‌ನಲ್ಲಿ ಅವನೇ ಗೆದ್ದ. ಡಿಸ್ಕ್ ಮುಟ್ಟಿ ನೋಡದವರೂ ಆ ತುಣುಕನ್ನು ನೋಡಿದರು. ಅದೇ ಎಸೆತ ನಾಲ್ಕನೇ ಹೋಲ್‌ನಲ್ಲಿ ಬಿದ್ದಿದ್ದರೆ ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ.

ಹಾಗಾದರೆ ತಿಳಿಸುವುದು ಹೇಗೆ? ಲೆಕ್ಕದಿಂದ ಶುರು ಮಾಡಿ. ಒಬ್ಬ ಹನ್ನೊಂದನೇ ಹೋಲ್‌ನಲ್ಲಿ 31 ಎಸೆದಿದ್ದಾನೆ, ಇನ್ನೊಬ್ಬ ಒಂಬತ್ತರಲ್ಲಿ 26. ಯಾರು ಮುಂದೆ? ಯಾರಿಗೂ ಹೊಳೆಯದು. ಗಾಲ್ಫಿಗೂ ಈ ರೋಗವಿತ್ತು. 1960ರ ಮಾಸ್ಟರ್ಸ್ ಟೂರ್ನಿಯ ಪ್ರಸಾರದಲ್ಲಿ ಸಿಬಿಎಸ್ ಟಿವಿಯ ನಿರ್ದೇಶಕ ಫ್ರಾಂಕ್ ಚರ್ಕಿನಿಯನ್ ಒಟ್ಟು ಹೊಡೆತ ಬಿಟ್ಟು ಪಾರ್‌ಗಿಂತ (ಆ ಹೋಲ್‌ಗಳಿಗೆ ನಿಗದಿಯಾದ ಲೆಕ್ಕಕ್ಕಿಂತ) ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ತೋರಿಸಿದ. ನೀವೂ ಅಷ್ಟೇ ಮಾಡಿ. ಪ್ರತಿ ಗುಂಪಿನ ಜೊತೆ ಒಬ್ಬ ಹುಡುಗ, ಕೈಯಲ್ಲಿ ಎರಡಡಿ ಉದ್ದದ ಕಪ್ಪು ಹಲಗೆ, ನಾಲ್ಕು ಹೆಸರು, ಪಕ್ಕದಲ್ಲಿ ಸುಣ್ಣದ ಬಳಪದಲ್ಲಿ ‘4 ಕಡಿಮೆ’, ‘1 ಹೆಚ್ಚು’. ಹಲಗೆ ಇಲ್ಲದ ಪಂದ್ಯಕ್ಕೆ ಜನರನ್ನು ಕರೆಯುವುದೆಂದರೆ ಊಟಕ್ಕೆ ಕರೆದು ಎಲೆ ಹಾಕದ ಹಾಗೆ.

ಎರಡನೆಯದು ಗೀಟು. ಬುಟ್ಟಿಯಿಂದ 10 ಮೀಟರ್ ದೂರದಲ್ಲಿ ಸುತ್ತಲೂ ಸುಣ್ಣದ ವೃತ್ತ ಹಾಕಿ. ಅದರೊಳಗಿಂದ ಎಸೆಯುವವನು ಎಸೆದ ಮೇಲೆ ಸಮತೋಲ ತೋರಿಸುವವರೆಗೆ ಮುಂದಕ್ಕೆ ಕಾಲಿಡುವಂತಿಲ್ಲ. ಆ ನಿಯಮ ಜನರಿಗೆ ಗೊತ್ತಾದರೆ ಕಾಲನ್ನೂ ನೋಡುತ್ತಾರೆ, ಕೈಯನ್ನೂ ನೋಡುತ್ತಾರೆ. ಆಟದ ಗಡಿಗೆ ಹಳದಿ ಹಗ್ಗ ಕಟ್ಟಿ, ಡಿಸ್ಕ್ ದಾಟಿದರೆ ಒಂದು ಎಸೆತ ದಂಡ. ಅಮೆರಿಕದ ರಾಕ್ ಹಿಲ್‌ನಲ್ಲಿ ನಡೆಯುವ ಯುಎಸ್ ಚಾಂಪಿಯನ್‌ಶಿಪ್‌ನ 17ನೇ ಹೋಲ್‌ನಲ್ಲಿ ಗುರಿಯ ಸುತ್ತ ಹುಲ್ಲಿನ ಪಿಂಡಿ ಜೋಡಿಸಿ ದ್ವೀಪ ಮಾಡಿದ್ದಾರೆ. ಹೊರಗೆ ಬಿದ್ದನೋ ಕೆಟ್ಟ. ಜನ ಅಲ್ಲೇ ಮುತ್ತಿಕೊಳ್ಳುತ್ತಾರೆ. ನಿಮ್ಮಲ್ಲಿ ಭತ್ತದ ಹುಲ್ಲಿಗೇನು ಬರವೇ?

ಕೋರ್ಸ್ ವಿಷಯದಲ್ಲಿ ಒಂದು ಗದರಿಕೆ. ಹದಿನೆಂಟು ಹೋಲ್ ಯಾಕೆ ಬೇಕು ನಿಮಗೆ? ನಾಲ್ಕು ಜನರ ಗುಂಪು ಹದಿನೆಂಟು ಮುಗಿಸಲು ಮೂರು ಗಂಟೆ ಹಿಡಿಯುತ್ತದೆ. ಒಂದು ಗುಂಪು ಹೋಗಿ ಇನ್ನೊಂದು ಬರುವ ತನಕ ನಿಂತವನಿಗೆ ಕಾಣುವುದು ಖಾಲಿ ಬುಟ್ಟಿ. ಬೆಳಿಗ್ಗೆ ಎಲ್ಲರೂ ಆಡಲಿ, ಜನ ಬರದಿದ್ದರೂ ಸರಿ. ಸಂಜೆ ನಾಲ್ಕಕ್ಕೆ ಮೊದಲ ನಾಲ್ವರು ಮಾತ್ರ, ಒಂಬತ್ತು ಹೋಲ್, ಒಂದೇ ಗುಂಪು. ಹೊರಗೂ ಈ ಪದ್ಧತಿಯಿದೆ, ಫೈನಲ್ ನೈನ್ ಅನ್ನುತ್ತಾರೆ. ಒಂದು ಕಲ್ಲುಗುಡ್ಡ ಹಿಡಿದು, 1ರ ಟೀ, 5ರ ಬುಟ್ಟಿ, 9ರ ಬುಟ್ಟಿ ಮೂರೂ ಅದರ ಬುಡಕ್ಕೆ ಬರುವಂತೆ ಸುತ್ತು ಹಾಕಿ. ನಡೆಯಬಲ್ಲವರು ಜೊತೆಗೆ ನಡೆಯಲಿ, ಮುದುಕರು ಗುಡ್ಡದ ಮೇಲೆ ಕೂರಲಿ. ಜಾಗ ಆನೆಗೊಂದಿ ಕಡೆಯದಾದರೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಅನುಮತಿ ಇಲ್ಲದೆ ಒಂದು ಗುಂಡಿಯನ್ನೂ ತೋಡಬೇಡಿ.

ಗುಂಡಿಯ ಮಾತು ಬಂತಲ್ಲ. ಎರೆ ಹೊಲದಲ್ಲಿ ಕಂಬ ನೆಟ್ಟರೆ ಮಳೆಗೆ ಮಣ್ಣು ಉಬ್ಬಿ, ಬೇಸಿಗೆಗೆ ಬಿರಿದು, ವರ್ಷದೊಳಗೆ ಬುಟ್ಟಿ ಓಲುತ್ತದೆ. ಎರಡಡಿ ತೋಡಿ, ತಳಕ್ಕೂ ಸುತ್ತಕ್ಕೂ ಗರಸು ತುಂಬಿ, ನಡುವೆ ಕಾಂಕ್ರೀಟಿನಲ್ಲಿ ಒಂದು ತೋಳುಪೈಪ್ ಕೂರಿಸಿ. ಬುಟ್ಟಿಯ ಕಂಬ ಆ ಪೈಪಿನೊಳಗೆ ಇಳಿಯಬೇಕು, ಪಂದ್ಯ ಮುಗಿದ ಮೇಲೆ ಕಿತ್ತು ಮನೆಗೆ ಒಯ್ಯಬಹುದು. ಬುಟ್ಟಿಯ ಅಂಚು ನೆಲದಿಂದ 82 ಸೆಂಟಿಮೀಟರ್, ಆರು ಆಚೀಚೆ ಆದರೆ ನಡೆಯುತ್ತದೆ. ವೆಲ್ಡಿಂಗ್ ಅಂಗಡಿಯವರು ಸರಪಳಿಯಲ್ಲಿ ಉಳಿತಾಯ ಮಾಡಲು ನೋಡುತ್ತಾರೆ, ಒಪ್ಪಬೇಡಿ. ಹೊರಗೊಂದು ಸುತ್ತು, ಒಳಗೊಂದು ಸುತ್ತು ಇರಲೇಬೇಕು. ಒಂದೇ ಸುತ್ತಾದರೆ ಜೋರಾಗಿ ಬಂದ ಡಿಸ್ಕ್ ನುಸುಳಿ ಆಚೆ ಬೀಳುತ್ತದೆ. ಕಲಾಯಿ ಮಾಡದ ಸರಪಳಿ ತುಕ್ಕು ಹಿಡಿದು ಕೊಂಡಿಗಳು ಬಿಗಿದುಕೊಳ್ಳುತ್ತವೆ, ಆಗ ಡಿಸ್ಕ್ ತಡೆಯುವ ಬದಲು ಪುಟಿಸುತ್ತದೆ, ಸದ್ದೂ ಸತ್ತುಹೋಗುತ್ತದೆ. ಆ ಸದ್ದಿಗೇ ಅಲ್ಲವೇ ಜನ ಬರಬೇಕಾದ್ದು? ಕೊನೆಯ ಬುಟ್ಟಿಯ ಕಂಬಕ್ಕೆ ಒಂದು ಸಣ್ಣ ಮೈಕ್ ಕಟ್ಟಿ.

ಜನರನ್ನು ಎಲ್ಲಿ ನಿಲ್ಲಿಸಬೇಕೆಂಬುದು ಜೀವದ ಪ್ರಶ್ನೆ. ಪಳಗಿದವನ ಕೈಬಿಟ್ಟ ಡಿಸ್ಕ್ ಗಂಟೆಗೆ ನೂರು ಕಿಲೋಮೀಟರ್ ದಾಟುತ್ತದೆ, ಅಂಚು ಗಟ್ಟಿ. ಬಲಗೈಯವನು ಬೆನ್ನುಗೈಯಲ್ಲಿ (ತೋಳನ್ನು ಎದೆಗೆ ಅಡ್ಡ ತಂದು) ಎಸೆಯುವಾಗ ಹಿಡಿತ ಅರೆಕ್ಷಣ ತಡವಾಗಿ ಬಿಟ್ಟರೆ ನೇರ ಬಲಕ್ಕೆ ನುಗ್ಗುತ್ತದೆ, ಬೇಗ ಬಿಟ್ಟರೆ ಎಡಕ್ಕೆ. ಆದ್ದರಿಂದ ಟೀಯ ಅಕ್ಕಪಕ್ಕ ಯಾರೂ ಬೇಡ, ಹಿಂದೆ ಮಾತ್ರ, ಓಡಿಬರುವ ದಾರಿ ಬಿಟ್ಟು ಐದು ಮೀಟರ್ ಆಚೆ ಹಗ್ಗ. ಗಾಳಿಯ ಲೆಕ್ಕವನ್ನೂ ಮೈಕಿನಲ್ಲಿ ಹೇಳಿಸಿ: ಬಲಗೈಯವನು ಬೆನ್ನುಗೈಯಲ್ಲಿ ಎಸೆದದ್ದು ಸಾಮಾನ್ಯವಾಗಿ ಕೊನೆಗೆ ಎಡಕ್ಕೆ ಇಳಿಯುತ್ತದೆ, ಎದುರುಗಾಳಿ ಇದ್ದರೆ ಮಗುಚಿ ಬಲಕ್ಕೂ ಓಡಬಹುದು. ಇದೊಂದು ತಿಳಿದರೆ ಸಾಕು, ಗುಡ್ಡದ ಮೇಲಿನ ಅಜ್ಜನೂ ‘ಗಾಳಿ ಎದುರೈತಿ, ಹುಷಾರು’ ಎಂದು ಕೂಗುತ್ತಾನೆ. ಆ ಕೂಗಿನಿಂದ ಅವನು ನಿಮ್ಮ ಪ್ರೇಕ್ಷಕನಾದ.

ಡಿಸ್ಕಿನ ಬಣ್ಣ ಯಾರೂ ಯೋಚಿಸದ ಸಂಗತಿ. ಸಂಡೂರಿನ ಕೆಂಪು ಮಣ್ಣಿನಲ್ಲಿ ಕಿತ್ತಳೆ ಬಣ್ಣ ಕಾಣುವುದಿಲ್ಲ, ಅಲ್ಲಿ ನೀಲಿ. ಬಳ್ಳಾರಿ ಜಾಲಿ ಬೆಳೆದ ಕಡೆ ಹಸಿರು ಬೇಡವೇ ಬೇಡ, ಗುಲಾಬಿ ಎಸೆಯಿರಿ. ಬಿಳಿ ಡಿಸ್ಕ್ ಮೋಡದಲ್ಲಿ ಕರಗುತ್ತದೆ. ಜಾಲಿಯ ಅಂಚಿನಲ್ಲಿ ಬಾವುಟ ಹಿಡಿದ ಒಬ್ಬ ನಿಲ್ಲಲಿ, ಬಿದ್ದ ಜಾಗ ತೋರಿಸಲಿ. ಹುಡುಕಾಟದಲ್ಲಿ ಮೂರು ನಿಮಿಷ ಕಳೆದರೆ ಜನ ಮಿರ್ಚಿ-ಮಂಡಕ್ಕಿ ಕಡೆ ತಿರುಗುತ್ತಾರೆ. ಚಿತ್ರೀಕರಣಕ್ಕೆ ಎರಡು ಫೋನ್ ಸಾಕು. ಟೀಯ ಹಿಂದೆ ಒಂದು, ಬುಟ್ಟಿಯ ಬಳಿ ಒಂದು. ಹಾರುವಾಗ ಜೂಮ್ ಮಾಡಬೇಡಿ, ಡಿಸ್ಕ್ ಇಳಿಯತೊಡಗಿದಾಗ ಬುಟ್ಟಿಯ ಬಳಿಯವನು ಹಿಡಿದುಕೊಳ್ಳಲಿ. ನಾಲ್ವರು ಹದಿನೆಂಟು ಹೋಲ್ ಆಡಿದರೆ ತಲಾ ಮೂರರಂತೆ 216 ಎಸೆತ, ನಿಮ್ಮ ಒಂಬತ್ತಕ್ಕೆ 108. ನಡಿಗೆ ಕತ್ತರಿಸಿದರೆ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಮರುದಿನ ಬೆಳಿಗ್ಗೆ ಹಾಕಿ, ಹದಿನೈದು ದಿನ ಬಿಟ್ಟಲ್ಲ.

ಕಬಡ್ಡಿಯನ್ನೇ ನೋಡಿ. 2014ರಲ್ಲಿ ಪ್ರೊ ಕಬಡ್ಡಿ ಬಂದಾಗ ಆಟವೇನೂ ಹೊಸದಾಗಿರಲಿಲ್ಲ. ರೈಡಿಗೆ 30 ಸೆಕೆಂಡಿನ ಗಡಿಯಾರ ಪರದೆಯ ಮೇಲೆ ಓಡಿತು, ಎರಡು ರೈಡ್ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ ಆಯಿತು. ಅಂಗಳದಲ್ಲಿ ಆಡಿ ಬಿಟ್ಟವರೂ ಟಿವಿ ಮುಂದೆ ಕೂತರು. ನಮ್ಮ ಜಿಲ್ಲೆಗಳ ಕ್ರೀಡಾಕೂಟಗಳಲ್ಲಿ ಮಾತ್ರ ಇನ್ನೂ ಅದೇ ಹಾಡು. ಉದ್ಘಾಟನೆ ಎರಡು ಗಂಟೆ, ಶಾಲು-ಹಾರ-ನೆನಪಿನ ಕಾಣಿಕೆ, ಬಿಸಿಲಿನಲ್ಲಿ ಸಾಲಾಗಿ ನಿಂತ ಆಟಗಾರರು. ವೇದಿಕೆಯ ಮುಖ ಜನರ ಕಡೆಗೆ, ಬೆನ್ನು ಮೈದಾನದ ಕಡೆಗೆ. ಅತಿಥಿಗಳು ಕೂತಲ್ಲಿಂದ ಆಟ ಕಾಣುವುದೇ ಇಲ್ಲ, ಅವರಿಗೂ ಅದು ಬೇಕಿಲ್ಲ. ಮರುದಿನದ ಪತ್ರಿಕೆಯಲ್ಲಿ ದೀಪ ಬೆಳಗಿದ ಫೋಟೊ, ಗೆದ್ದವನ ಹೆಸರು ಕೊನೆಯ ಸಾಲಿನಲ್ಲಿ. ನಮ್ಮ ವೃತ್ತಿಯವರ ಪಾಪವೂ ಇದರಲ್ಲಿದೆ, ಇಲ್ಲವೆನ್ನುವುದಿಲ್ಲ. ತಾಲ್ಲೂಕು ಕ್ರೀಡಾಂಗಣಗಳಿಗೆ ವರ್ಷಪೂರ್ತಿ ಬೀಗ, ತೆಗೆದರೆ ವಸ್ತುಪ್ರದರ್ಶನಕ್ಕೆ. ಇಂಥದ್ದರ ನಡುವೆ ಬೆಳೆದ ನಿಮ್ಮ ಗೆಳೆಯರಿಗೆ ನಟ ಬೇಕು ಎನ್ನಿಸಿದ್ದು ಅವರ ತಪ್ಪಲ್ಲ.

ನಟರಿಗೆ ಎತ್ತಿಟ್ಟ ದುಡ್ಡಿನಲ್ಲಿ ಒಬ್ಬ ಒಳ್ಳೆಯ ಮೈಕಿನವನನ್ನು ಗೊತ್ತು ಮಾಡಿ. ಇಂಗ್ಲಿಷ್ ಒಪ್ಪಿಸುವವನಲ್ಲ, ಕಲ್ಲು ಎಳೆಯುವ ಸ್ಪರ್ಧೆಯಲ್ಲಿ, ಕುಸ್ತಿ ಕಣದಲ್ಲಿ ಕೂಗಿ ಪಳಗಿದವನು. ಎರಡು ದಿನ ಮುಂಚೆ ಕರೆಸಿ, ಒಂದು ಸುತ್ತು ಆಡಿಸಿ, ಡಿಸ್ಕ್ ಯಾಕೆ ಎಡಕ್ಕೆ ಬೀಳುತ್ತದೆಂದು ಅವನ ಕೈಯಿಂದಲೇ ಎಸೆಸಿ ತಿಳಿಸಿ. ಎಸೆಯುವವನು ಕೈ ಎತ್ತಿದಾಗ ಸುಮ್ಮನಾಗಬೇಕೆಂಬುದನ್ನೂ ಹೇಳಿ, ಅದೊಂದು ಅವನಿಗೆ ಕಷ್ಟವಾದೀತು. ಜನವರಿಗೆ ದಿನ ಗೊತ್ತು ಮಾಡುವುದಾದರೆ ಈಗಲೇ ಮುಂಗಡ ಕೊಡಿ. ಕೊಪ್ಪಳದ ಜಾತ್ರೆ ಹತ್ತಿರ ಬಂದ ಮೇಲೆ ಈ ಸೀಮೆಯಲ್ಲಿ ಒಬ್ಬ ಮೈಕಿನವನೂ ಬಿಡುವಾಗಿ ಸಿಗುವುದಿಲ್ಲ.